ಪಿಕಪ್‌ಗೆ ಚಿಪ್: ಬಲಕ್ಕೆ ಬೆಲೆ ಕಟ್ಟುವ ಮುನ್ನ

ನಸುಕಿನಲ್ಲಿ ಮಾಗಡಿ ರಸ್ತೆಯ ಬದಿ ನಿಂತರೆ ಪಶ್ಚಿಮ ಬೆಂಗಳೂರಿನ ಬದುಕು ಯಾವುದರ ಮೇಲೆ ಸಾಗುತ್ತಿದೆ ಎಂಬುದು ತಿಳಿಯುತ್ತದೆ. ತರಕಾರಿ, ಹಾಲು, ಕಬ್ಬಿಣದ ಸರಳು, ಪೀಣ್ಯದ ಕಾರ್ಖಾನೆಗಳ ಬಿಡಿಭಾಗ ಎಲ್ಲವೂ ಪುಟ್ಟ ಸರಕು ವಾಹನಗಳ ಬೆನ್ನೇರಿ ಬರುತ್ತವೆ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ, ಸಾಲ ಮಾಡಿಯಾದರೂ ಒಂದು ಗಾಡಿ ಕೊಂಡು ತಾನೇ ಮಾಲೀಕ, ತಾನೇ ಚಾಲಕ ಆಗಬಹುದೆಂಬ ಭರವಸೆ ಸಾವಿರಾರು ಮನೆಗಳಲ್ಲಿ ಮೂಡಿತು. ಬೊಲೆರೊ ಪಿಕಪ್, ದೋಸ್ತ್‌ನಂಥ ವಾಹನಗಳು ಆ ಭರವಸೆಯನ್ನು ದೊಡ್ಡದು ಮಾಡಿದವು. ಈಗ ಈ ಮಾಲೀಕರ ಮುಂದೆ ಹೊಸದೊಂದು ಆಮಿಷವಿದೆ. ಅದರ ಹೆಸರು ಚಿಪ್ ಟ್ಯೂನಿಂಗ್.

ಯಂತ್ರಶಾಸ್ತ್ರ ಕಲಿಸಿ ನಿವೃತ್ತನಾದ ನನ್ನ ಬಳಿ ವಿಜಯನಗರದ ಪರಿಚಿತರೊಬ್ಬರು ಕೇಳಿದ ಪ್ರಶ್ನೆ ಇದು: ‘ಸಾರ್, ಲೋಡ್ ಹಾಕಿದ್ರೆ ಏರಿನಲ್ಲಿ ಗಾಡಿ ಉಸಿರು ಕಟ್ಟುತ್ತೆ. ಚಿಪ್ ಹಾಕಿಸಿದ್ರೆ ಸರಿಹೋಗುತ್ತಂತೆ. ಯಾರ ಹತ್ತಿರ ಹಾಕಿಸ್ಲಿ?’ ಅವರು ಮಂಡ್ಯದ ಕಡೆಯಿಂದ ತರಕಾರಿ ತರುವವರು. ಬೆಂಗಳೂರು ಮಂಡ್ಯಕ್ಕಿಂತ 200 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅವರ ದೂರು ಸುಳ್ಳಲ್ಲ. ಆದರೆ ಪ್ರಶ್ನೆ ‘ಯಾರ ಹತ್ತಿರ’ ಎಂಬಲ್ಲಿಂದ ಆರಂಭವಾಗಬಾರದು.

ಇಂದಿನ ಡೀಸೆಲ್ ಎಂಜಿನ್‌ಗೆ ಎಷ್ಟು ಇಂಧನ, ಯಾವ ಕ್ಷಣದಲ್ಲಿ, ಎಷ್ಟು ಒತ್ತಡದಲ್ಲಿ ಹೋಗಬೇಕೆಂದು ನಿರ್ಧರಿಸುವುದು ಇಸಿಯು ಎಂಬ ಪುಟ್ಟ ಗಣಕ. ಮಾರುಕಟ್ಟೆಯಲ್ಲಿ ‘ಚಿಪ್’ ಎಂದು ಮಾರಾಟವಾಗುವುದು ಒಂದೇ ವಸ್ತುವಲ್ಲ. ಒಂದು, ಇಸಿಯುವಿನೊಳಗಿನ ಲೆಕ್ಕಾಚಾರವನ್ನೇ ತಿದ್ದುವ ರೀಮ್ಯಾಪಿಂಗ್. ಎರಡು, ಇಂಧನದ ಒತ್ತಡ ಅಳೆಯುವ ಸಂವೇದಕಕ್ಕೂ ಇಸಿಯುವಿಗೂ ನಡುವೆ ಕೂತು, ಒತ್ತಡ ಕಡಿಮೆಯಿದೆಯೆಂದು ಸುಳ್ಳು ಹೇಳಿ ಹೆಚ್ಚು ಡೀಸೆಲ್ ಸುರಿಸುವ ಪೆಟ್ಟಿಗೆ. ಮೂರು, ಆಕ್ಸಿಲರೇಟರ್ ತುಳಿತದ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆ. ಇದರಿಂದ ಗಾಡಿ ಚುರುಕಾದಂತೆ ಅನ್ನಿಸುತ್ತದೆಯೇ ಹೊರತು ಬಲ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಇವುಗಳ ಜೊತೆಗೆ, ದೀಪ ಮಿನುಗಿಸುವುದರ ಹೊರತು ಬೇರೇನೂ ಮಾಡದ ‘ಇಂಧನ ಉಳಿಸುವ’ ಅಗ್ಗದ ಸಾಧನಗಳೂ ಇವೆ. ಯಾವುದನ್ನು ಕೊಳ್ಳುತ್ತಿದ್ದೇನೆ ಎಂಬುದೇ ತಿಳಿಯದೆ ಹಣ ಕೊಡುವವರೇ ಹೆಚ್ಚು.

ಮೊದಲೆರಡು ವಿಧಗಳಿಂದ ಬಲ ಹೆಚ್ಚುವುದು ನಿಜ. ಆದರೆ ಬಲ ಬಿಟ್ಟಿ ಬರುವುದಿಲ್ಲ. ಡೀಸೆಲ್ ಹೆಚ್ಚಿ ಅದಕ್ಕೆ ತಕ್ಕ ಗಾಳಿ ಸಿಗದಿದ್ದರೆ ಕಪ್ಪು ಹೊಗೆ ಬರುತ್ತದೆ, ನಿಷ್ಕಾಸದ ಶಾಖ ಏರುತ್ತದೆ. ಆ ಶಾಖವನ್ನು ಪಿಸ್ಟನ್ ಮತ್ತು ಟರ್ಬೊ ತಡೆದುಕೊಳ್ಳಬೇಕು. ಹೆಚ್ಚಿದ ತಿರುಚುಬಲವನ್ನು ಕ್ಲಚ್ ಮತ್ತು ಗೇರ್‌ಬಾಕ್ಸ್ ಹೊರಬೇಕು. ಬ್ರೇಕ್ ಮಾತ್ರ ಮೊದಲಿದ್ದಷ್ಟೇ ಇರುತ್ತದೆ. ವಾರಾಂತ್ಯದ ಷೋಕಿಗೆ ಕಾರು ಓಡಿಸುವವನಿಗೆ ಕೆಟ್ಟ ಟರ್ಬೊ ಒಂದು ಬೇಸರ; ತಿಂಗಳ ಕಂತು ಕಟ್ಟುವವನಿಗೆ ಅದು ದುಡಿಮೆಯೇ ನಿಂತುಹೋದಂತೆ.

ಕಾನೂನಿನ ಮಾತೂ ಇದೆ. ತಯಾರಕರ ಮೂಲ ವಿವರಕ್ಕಿಂತ ನೋಂದಣಿ ಪತ್ರದ ವಿವರ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ವಾರಂಟಿ ಕೈತಪ್ಪುವ, ಅಪಘಾತವಾದಾಗ ವಿಮೆಯವರು ತಕರಾರು ತೆಗೆಯುವ ಅಪಾಯ ಬೇರೆ.

ನನ್ನ ಪರಿಚಿತರಿಗೆ ನಾನು ಹೇಳಿದ್ದು ಇಷ್ಟೆ: ಮೊದಲು ಗಾಡಿಗೆ ಹುಟ್ಟಿನಿಂದ ಬಂದ ಬಲ ಪೂರ್ತಿ ಸಿಗುತ್ತಿದೆಯೇ ನೋಡಿಸಿ. ಏರ್ ಫಿಲ್ಟರ್, ಇಂಜೆಕ್ಟರ್, ಟೈರಿನ ಗಾಳಿ, ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಕೊಳವೆ, ಎಲ್ಲವನ್ನೂ. ಕೊಳವೆಯಲ್ಲಿ ಸಣ್ಣದೊಂದು ಸೀಳು ಸಿಕ್ಕಿತು. ಅದನ್ನು ಬದಲಿಸಿದ ಮೇಲೆ ಗಾಡಿಯ ಅರ್ಧ ಆಯಾಸ ಕಳೆಯಿತು. ಉಳಿದರ್ಧದ ಕಾರಣ ಹಿಂಬದಿಯ ತೊಟ್ಟಿಯಲ್ಲಿತ್ತು. ಡೀಸೆಲ್ ದರ ಏರಿದಷ್ಟು ಬಾಡಿಗೆ ಏರದಿದ್ದಾಗ, ಎರಡು ಸರದಿಯ ಸರಕನ್ನು ಒಂದರಲ್ಲೇ ತುಂಬಬೇಕೆನಿಸುವುದು ಸಹಜ. ಆದರೆ ಅತಿಭಾರಕ್ಕೆ ಕಾಯ್ದೆ ಹೇಳುವ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನಿಗೆ 2,000. ಚಿಪ್ ಈ ಲೆಕ್ಕವನ್ನು ಬದಲಿಸುವುದಿಲ್ಲ, ಮರೆಮಾಡುತ್ತದೆ ಅಷ್ಟೆ.

ಇದು ಮಾಲೀಕರೊಬ್ಬರ ಜೇಬಿನ ವಿಷಯವಷ್ಟೇ ಅಲ್ಲ. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ಮಾನದಂಡದ ಫಲವಾಗಿ ಡೀಸೆಲ್ ಗಾಡಿಗಳಿಗೆ ಮಸಿ ಸೋಸುವ ಫಿಲ್ಟರ್ ಬಂದಿತು. ಅದನ್ನು ಕಿತ್ತು ತಂತ್ರಾಂಶದಲ್ಲಿ ಅಳಿಸುವುದೂ ‘ಟ್ಯೂನಿಂಗ್’ ಹೆಸರಿನಲ್ಲೇ ನಡೆಯುತ್ತದೆ. ಅಮೆರಿಕದಲ್ಲಿ ಸುಮಾರು ಒಂದು ದಶಕದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಮಾಲಿನ್ಯ ನಿಯಂತ್ರಣ ವ್ಯವಸ್ಥೆಯನ್ನು ಹೀಗೆ ಕೆಡಿಸಲಾಗಿದೆ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜಿಸಿತು. ನಮ್ಮ ಹೊಗೆ ತಪಾಸಣಾ ಕೇಂದ್ರಗಳು ಡೀಸೆಲ್ ಗಾಡಿಯ ಹೊಗೆಯ ದಟ್ಟಣೆಯನ್ನು ನೋಡುತ್ತವೆ. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡುಗಳನ್ನಲ್ಲ. ಬಸವೇಶ್ವರನಗರದ ಮಗ್ಗುಲಿನ ಸಾಣೇಗುರುವನಹಳ್ಳಿಯಲ್ಲಿ ಗಾಳಿಯ ಗುಣ ಅಳೆಯುವ ಕೇಂದ್ರವಿದೆ. ಅದು ಗಾಳಿ ಕೆಟ್ಟಿದೆ ಎನ್ನಬಹುದು. ಯಾವ ಗಾಡಿ ಕೆಡಿಸಿತೆಂದು ಹೇಳಲಾರದು.

ಹಾಗಾದರೆ ಟ್ಯೂನರ್ ಎಂಬುವನೇ ಬೇಡವೇ? ಹಾಗೆನ್ನಲಾರೆ. ಆದರೆ ಆತನಿಗೆ ಕೆಲವು ಪ್ರಶ್ನೆ ಕೇಳಲೇಬೇಕು. ಕೆಲಸಕ್ಕೆ ಮೊದಲು ಮತ್ತು ನಂತರ ಡೈನೊ ಯಂತ್ರದ ಮೇಲೆ ಬಲ ಅಳೆದು ತೋರಿಸುತ್ತೀರಾ? ನಿಷ್ಕಾಸದ ಶಾಖ ಎಷ್ಟು ಏರುತ್ತದೆ? ಮೂಲ ತಂತ್ರಾಂಶದ ಪ್ರತಿ ನನಗೆ ಕೊಡುತ್ತೀರಾ? ಫಿಲ್ಟರನ್ನು ಮುಟ್ಟುವುದಿಲ್ಲವೆಂದು ಬರೆದುಕೊಡುತ್ತೀರಾ? ಇದಕ್ಕೆ ಸರ್ಕಾರದ ಒಪ್ಪಿಗೆಯಿದೆಯೇ? ಬಹುತೇಕ ಮಾತುಕತೆ ಕೊನೆಯ ಪ್ರಶ್ನೆಯಲ್ಲೇ ಮುಗಿಯುತ್ತದೆ.

ಸರ್ಕಾರ ಮಾಡಬೇಕಾದ ಕೆಲಸವಿರುವುದೂ ಅಲ್ಲಿಯೇ. ಸಿಎನ್‌ಜಿ ಕಿಟ್ ಅಳವಡಿಸಲು ನಮ್ಮಲ್ಲಿ ದಾರಿಯಿದೆ: ಪುಣೆಯ ಎಆರ್‌ಎಐನಂಥ ಸಂಸ್ಥೆ ಪರೀಕ್ಷಿಸಿದ ಕಿಟ್, ಅಧಿಕೃತ ಅಳವಡಿಕೆ, ನೋಂದಣಿ ಪತ್ರದಲ್ಲಿ ದಾಖಲೆ. ಎಂಜಿನ್ ತಂತ್ರಾಂಶದ ತಿದ್ದುಪಡಿಗೂ ಇಂಥದೇ ವ್ಯವಸ್ಥೆ ಬರಲಿ. ಪರೀಕ್ಷೆಯಲ್ಲಿ ಗೆದ್ದದ್ದು ಬಹಿರಂಗವಾಗಿ ಮಾರಾಟವಾಗಲಿ, ಸೋತದ್ದು ಅಂಗಡಿಯಿಂದ ತೊಲಗಲಿ. ಅಲ್ಲಿಯವರೆಗೆ, ಗಾಡಿ ನೋಡದೆಯೇ ಇಷ್ಟು ಬಲ ಹೆಚ್ಚಿಸುತ್ತೇನೆಂದು ಭರವಸೆ ಕೊಡುವವನಿಗಿಂತ, ಬಾನೆಟ್ ತೆರೆದು ಕೊಳವೆ ಮುಟ್ಟಿ ನೋಡುವ ಹಳೆಯ ಮೆಕ್ಯಾನಿಕನೇ ಹೆಚ್ಚು ನಂಬಿಕೆಗೆ ಅರ್ಹ.