ಮೂಲೆ ಹಿಡಿದ ಕಹಳೆ

ಕೌಜಲಗಿಯಿಂದ ಓದುಗರೊಬ್ಬರ ಪ್ರಶ್ನೆ: ‘ನಮ್ಮೂರ ಗುಡಿ ಮ್ಯಾಗಿನ ಹಳೇ ಮೈಕ್ ನಾಕ್ ಹೊಲ ದಾಟಿ ಕೇಳತೈತ್ರಿ. ಮಗಾ ತಂದ ಐನೂರು ವಾಟಿನ ಡಬ್ಬಿ ಓಣಿ ದಾಟೂದಿಲ್ಲ. ಯಾಕ?’

ಕೃಷ್ಣಪಾರಿಜಾತವೆಂಬ ಜನಪದ ಆಟದ ಕಲಾವಿದೆ ಕೌಜಲಗಿ ನಿಂಗಮ್ಮನ ಊರಿನಿಂದ ಇಂಥ ಪ್ರಶ್ನೆ ಬಂದದ್ದು ನನಗೆ ಖುಷಿ. ಹುಡುಗನಾಗಿದ್ದಾಗ ಪಾರಿಜಾತ ನೋಡಲು ಹೋದರೆ ಸತ್ಯಭಾಮೆಯ ಸಿಟ್ಟಿಗಿಂತ ಕಂಬಕ್ಕೆ ಕಟ್ಟಿದ ಹಾರ್ನೇ ನನ್ನ ಕಣ್ಣು ಹಿಡಿಯುತ್ತಿತ್ತು. ಒಂದು ರಾತ್ರಿ ಮೈಕ್‌ಸೆಟ್ಟಿನವನು, ಕೆಳಗೆ ಇಳಿಸಿಟ್ಟಿದ್ದ ಹಾರ್ನಿನ ತಗಡಿನ ಮೇಲೆ ಕೈಯಿಡಲು ಬಿಟ್ಟ. ಹಾಡು ಮುಗಿಯುವ ತನಕ ಅಂಗೈ ಜುಮ್ಮೆನ್ನುತ್ತಿತ್ತು. ಆ ಹುಚ್ಚು ಇನ್ನೂ ಬಿಟ್ಟಿಲ್ಲ.

ಬಾಯಿಯ ಮುಂದಿನದು ಮೈಕ್, ಕಂಬದ ಮೇಲಿನದು ಸ್ಪೀಕರ್ ಎಂದು ಮೇಷ್ಟ್ರುಗಳು ತಿದ್ದುತ್ತಾರೆ. ಆದರೆ ಊರವರ ಮಾತು ಅಷ್ಟೇನೂ ತಪ್ಪಲ್ಲ. ಹಾರ್ನಿನ ಯೂನಿಟ್ಟಿನ ಎರಡು ವೈರುಗಳನ್ನು ಆಂಪ್ಲಿಫೈಯರಿನ ಮೈಕ್ ತೂತಿಗೆ ಸಿಕ್ಕಿಸಿ, ಹಾರ್ನಿನ ಬಾಯಿಗೆ ಮಾತಾಡಿ: ಅದು ಮೈಕೇ ಆಗಿಬಿಡುತ್ತದೆ! ವಿದ್ಯುತ್ತು ಬಂದರೆ ಆಯಸ್ಕಾಂತದ ನಡುವಿನ ಕಾಯಿಲ್ ಅಲುಗುತ್ತದೆ. ಅದನ್ನೇ ದನಿಯಿಂದ ಅಲುಗಿಸಿದರೆ ವಿದ್ಯುತ್ತು ಹುಟ್ಟುತ್ತದೆ. ನಾನು ಮಾಡಿ ನೋಡಿದ್ದೇನೆ. ನನ್ನ ದನಿ ಗಡಿಗೆಯೊಳಗಿಂದ ಬಂದಂತೆ ಕೇಳಿತು.

ಈಗ ಹಾರ್ನಿಗೆ ಬರೋಣ. ಅದು ಶಬ್ದವನ್ನು ‘ದೊಡ್ಡದು ಮಾಡುತ್ತದೆ’ ಎಂದು ಬಹಳ ಜನ ನಂಬಿದ್ದಾರೆ. ಬರೀ ತಗಡು ಎಲ್ಲಿಂದ ಶಕ್ತಿ ತಂದೀತು? ತೊಂದರೆ ಇರುವುದು ಗಾಳಿಯಲ್ಲಿ. ಗಾಳಿ ತೀರಾ ಹಗುರ, ತಳ್ಳಿದರೆ ಪಕ್ಕಕ್ಕೆ ನುಸುಳುತ್ತದೆ. ಎತ್ತಿನ ಹೆಗಲಿಗೆ ಖಾಲಿ ನೊಗ ಕೊಟ್ಟರೆ ಅದರ ಕಸುವು ಯಾವ ಕೆಲಸಕ್ಕೆ ಬಂತು? ಸಾಮಾನ್ಯ ಡಬ್ಬಿ ಸ್ಪೀಕರಿನ ಪಾಡೂ ಅದೇ. ನೂರು ವಾಟು ಉಣಿಸಿದರೆ ಶಬ್ದವಾಗುವುದು ಒಂದು ವಾಟಿನ ಆಸುಪಾಸು, ಉಳಿದದ್ದೆಲ್ಲ ಕಾಯಿಲಿನ ಬಿಸಿ. ಹಾರ್ನಿನ ಕಿರಿದಾದ ಗಂಟಲಲ್ಲಿ ಗಾಳಿಗೆ ಪಕ್ಕಕ್ಕೆ ಜಾರಲು ದಾರಿಯಿಲ್ಲ. ಅಲ್ಲಿ ಕಾಯಿಲಿಗೆ ಅಂಟಿದ ತೆಳುಪೊರೆಗೆ, ಅಂದರೆ ಡಯಾಫ್ರಾಮಿಗೆ, ತಳ್ಳಲು ನಿಜವಾದ ಭಾರ ಸಿಗುತ್ತದೆ. ಮುಂದೆ ಕೊಳವೆ ಮೆಲ್ಲಗೆ ಅಗಲವಾಗುತ್ತ ಆ ಒತ್ತಡವನ್ನು ಬಯಲಿನ ಗಾಳಿಗೆ ಒಪ್ಪಿಸುತ್ತದೆ, ಅದೂ ಒಂದೇ ದಿಕ್ಕಿಗೆ. (ಡಬ್ಬಿಯ ಮೇಲೆ ಅಚ್ಚಾದ ವಾಟನ್ನು ನಾನು ಜಾತಕದಲ್ಲಿ ಕೂಡಿಬಂದ ಗುಣಗಳಷ್ಟೇ ನಂಬುತ್ತೇನೆ.)

ಇಂದು ಶ್ರೀಮಂತರು ಲಕ್ಷಗಟ್ಟಲೆ ಸುರಿದು ಕೊಳ್ಳುವ ಹಳೆಯ ಸ್ಪೀಕರುಗಳಲ್ಲಿ ಎಷ್ಟೋ ಈ ಗುಡಿ ಮೈಕಿನ ದಾಯಾದಿಗಳೇ. 1926ರಲ್ಲಿ ಚಿತ್ರಮಂದಿರಗಳಿಗೆಂದು ಬಂದ ವೆಸ್ಟರ್ನ್ ಎಲೆಕ್ಟ್ರಿಕ್ 555 ಯೂನಿಟ್ಟು ವಾಟಿನ ಬರಗಾಲದ ಕೂಸು. ಆಗಿನ ವಾಲ್ವ್ ಆಂಪ್ಲಿಫೈಯರುಗಳ ಕೆಲವೇ ವಾಟುಗಳಲ್ಲಿ ಇಡೀ ಸಭಾಂಗಣ ತುಂಬಬೇಕಿತ್ತು. ಪೋಲು ಮಾಡಲು ಏನೂ ಇರಲಿಲ್ಲ.

ಹಾರ್ನಿಗೂ ಒಂದು ಕೊರತೆಯಿದೆ. ಎಷ್ಟು ತಗ್ಗಿನ ಸ್ವರ ಬೇಕೋ ಅಷ್ಟು ದೊಡ್ಡ ಬಾಯಿ ಬೇಕು. ಗುಡಿಯ ಮೇಲಿನ ಹಾರ್ನಿನ ಬಾಯಿಗೆ ತಬಲಾದ ಡಗ್ಗಾ ದಕ್ಕುವುದಿಲ್ಲ, ಬರೀ ಟಣಟಣ. 40 ಹರ್ಟ್ಸ್ ಸ್ವರದ ಅಲೆ ಸುಮಾರು ಎಂಟೂವರೆ ಮೀಟರ್ ಉದ್ದ. ಬಾಯಿಯ ಸುತ್ತಳತೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಅಂದರೆ ಅಡ್ಡಗಲ ಒಂಬತ್ತು ಅಡಿ. ಮನೆಯ ಯಾವ ಬಾಗಿಲಿಂದ ಒಳಗೆ ತರುತ್ತೀರಿ?

ಇಲ್ಲಿ ಪಾಲ್ ಕ್ಲಿಪ್ಶ್ ಮಾಡಿದ ಕಿತಾಪತಿ ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಅಮೆರಿಕದ ಹೋಪ್ ಎಂಬ ಸಣ್ಣ ಊರಿನಲ್ಲಿ 1946ರಲ್ಲಿ ಕಂಪನಿ ಹೂಡಿದ ಈ ಎಂಜಿನಿಯರ್, ಹಾರ್ನನ್ನು ಕಟ್ಟಿಗೆಯ ಕಪಾಟಿನೊಳಗೆ ಮಡಚಿಟ್ಟು ಕೋಣೆಯ ಮೂಲೆಗೆ ಒತ್ತರಿಸಿದ. ಎರಡು ಗೋಡೆ, ಒಂದು ನೆಲ ಸೇರಿ ಹಾರ್ನಿನ ಉಳಿದ ಭಾಗವಾದವು. ಕೊಂಡವರ ಮನೆಯೇ ಸ್ಪೀಕರಿನ ಬಾಯಿ! ಅದರ ಹೆಸರು ಕ್ಲಿಪ್ಶ್‌ಹಾರ್ನ್. 1 ವಾಟಿಗೆ ಸುಮಾರು 105 ಡೆಸಿಬಲ್ ಕೊಡುತ್ತದೆ. 85 ಡೆಸಿಬಲ್ಲಿನ ಡಬ್ಬಿಗೆ ಅಷ್ಟೇ ಸದ್ದು ಮಾಡಲು 100 ವಾಟು ಬೇಕು.

ಬೆಂಗಳೂರಿನ ಗೆಳೆಯನೊಬ್ಬ ಕ್ಲಿಪ್ಶ್‌ಹಾರ್ನಿನ ಹಳೆಯ ಜೋಡಿಯೊಂದನ್ನು ಕಷ್ಟಪಟ್ಟು ತರಿಸಿದ. ಯಾರೋ ವಾಸ್ತುವಿನವನು ಬಂದು, ಈಶಾನ್ಯ ಮೂಲೆಯಲ್ಲಿ ಭಾರ ಕೂಡದೆಂದ. ಪೆಟ್ಟಿಗೆಗಳು ಗೋಡೆಯ ನಡುವೆ ಬಂದು ನಿಂತವು. ಮಲ್ಲಿಕಾರ್ಜುನ ಮನಸೂರರ ಗಾಯನ ಹಾಕಿದರೆ ತಬಲಾದ ಎಡಗೈ ಮಾಯ. ಅವನು ವೈರು ಬದಲಿಸಿದ. ಬಾಣದ ಗುರುತಿನ ದುಬಾರಿ ವೈರು ಬೇರೆ! ಸ್ಪೀಕರಿನ ಕರೆಂಟು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹಿಂದೆ ಮುಂದೆ ಓಡುವಾಗ ಬಾಣ ಯಾರಿಗೆ ದಾರಿ ತೋರಿಸುತ್ತದೆ? ಕೊನೆಗೆ ಇಬ್ಬರೂ ಸೇರಿ ಪೆಟ್ಟಿಗೆಗಳನ್ನು ಮೂಲೆಗೆ ನೂಕಿದೆವು. ಡಗ್ಗಾ ಮರಳಿತು. ಹಾರ್ನಿಗೆ ಮೂಲೆ ಬೇಕು, ಯಾವ ದಿಕ್ಕಿನದೆಂದು ಅದು ಕೇಳುವುದಿಲ್ಲ.

ಕೌಜಲಗಿಯವರೇ, ನಿಮ್ಮ ಮಗನ ಡಬ್ಬಿಯನ್ನೂ ಒಮ್ಮೆ ಪಡಸಾಲೆಯ ಮೂಲೆಗೆ, ನೆಲದ ಮೇಲಿಟ್ಟು ನೋಡಿ. ಹೊಲ ದಾಟಲಾರದು, ಆದರೆ ಡೊಳ್ಳಿನ ಪೆಟ್ಟು ಮೊದಲಿಗಿಂತ ಗಟ್ಟಿಯಾಗಿ ಎದೆಗೆ ಬಡಿದೀತು. ಅಲ್ಲಿ ಜೋಳದ ಚೀಲ ಇದ್ದರೆ ಮನೆಯವರನ್ನು ಕೇಳಿ ಸರಿಸಿ.