ಮನೆಯ ಹಳೆಯ ಗಣಕಯಂತ್ರಕ್ಕೆ ಲಿನಕ್ಸ್: ಹೊಸಬರ ತೊಡಕುಗಳು, ತಾಳ್ಮೆಯ ಪರಿಹಾರಗಳು



ಆಳಂದ, ಅಫಜಲಪುರ ಹಾಗೂ ಜೇವರ್ಗಿ ಭಾಗದ ಮನೆಗಳಲ್ಲಿ ಇಂದು ಗಣಕಯಂತ್ರವು ಅಪರೂಪದ ವಸ್ತುವಾಗಿ ಉಳಿದಿಲ್ಲ. ಮಗಳ ಕಾಲೇಜಿನ ಅಭ್ಯಾಸಕ್ಕೆಂದು ಒಬ್ಬರು ತಂದಿರುತ್ತಾರೆ, ತೊಗರಿ ಮಾರಾಟದ ಲೆಕ್ಕಕ್ಕೆಂದು ಇನ್ನೊಬ್ಬರು ತಂದಿರುತ್ತಾರೆ, ಮಠದ ದಾಸೋಹದ ಖರ್ಚುವೆಚ್ಚ ಬರೆದಿಡಲೆಂದು ಮತ್ತೊಬ್ಬರು ತಂದಿರುತ್ತಾರೆ. ಇಂಥ ಯಂತ್ರಗಳಲ್ಲಿ ಬಹುಕಾಲ ನಡೆದುಬಂದ ವಿಂಡೋಸ್ 10ಕ್ಕೆ ಅದರ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಮುಂದಿನ ವಿಂಡೋಸ್ 11 ನಡೆಯಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಬಿಲ್ಲೆಯೂ ಸಾಕಷ್ಟು ಹೊಸದಾದ ಪ್ರೊಸೆಸರೂ ಇರಬೇಕು. ಈ ಎರಡೂ ಇಲ್ಲದ ಯಂತ್ರಗಳು, ಕೈಕಾಲು ಗಟ್ಟಿಯಿದ್ದರೂ, ಕೆಲಸಕ್ಕೆ ಬಾರದವೆಂಬ ಮಾತಿಗೆ ಗುರಿಯಾಗಿವೆ. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಅಂಥ ಮನೆಗಳಿಗೆ ಲಿನಕ್ಸ್ ಎಂಬ ದಾರಿಯೊಂದು ತೆರೆದಿದೆ. ಆ ದಾರಿಯಲ್ಲಿ ಹೊಸಬರಿಗೆ ಎದುರಾಗುವ ಕಲ್ಲುಮುಳ್ಳುಗಳಾವುವು, ಅವನ್ನು ಸರಿಸುವ ಬಗೆ ಎಂತು ಎಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಲಿನಕ್ಸ್ ಎಂದರೇನು?

ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ತರುಣನು 1991ರಲ್ಲಿ ಇದರ ತಿರುಳನ್ನು ಬರೆದು ಲೋಕದ ಮುಂದಿಟ್ಟನು. ಅದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು ಗ್ನೂ ಯೋಜನೆಯನ್ನು ಪ್ರಕಟಿಸಿದ್ದರು. ಈ ಎರಡು ಪ್ರಯತ್ನಗಳ ಸಂಗಮದಿಂದ ಇಂದಿನ ವ್ಯವಸ್ಥೆ ರೂಪುಗೊಂಡಿತು. ಇದನ್ನು ಯಾರೂ ಬಳಸಬಹುದು, ಒಳಗನ್ನು ನೋಡಿ ಕಲಿಯಬಹುದು, ತಿದ್ದಬಹುದು, ಪ್ರತಿ ಮಾಡಿ ನೆರೆಯವರಿಗೆ ಕೊಡಬಹುದು. ದಾಸೋಹದ ಮನೆಯಲ್ಲಿ ಹುಟ್ಟಿಬೆಳೆದ ನಮ್ಮ ಓದುಗರಿಗೆ ಈ ತತ್ತ್ವವು ಹೊಸದೆನಿಸಲಾರದು. ಉಂಡವನು ಬಡಿಸುವವನೂ ಆಗಬೇಕೆಂಬುದೇ ಇದರ ಮರ್ಮ.

ಇದು ಇಂಜಿನಿಯರುಗಳಿಗೆ ಮಾತ್ರ ಎಂಬ ಅಂಜಿಕೆಯೂ ಬೇಡ. ಕೇರಳ ಸರ್ಕಾರವು 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆಯು ಮುಂದೆ ತನ್ನ ಶಾಲೆಗಳಲ್ಲೆಲ್ಲ ಸ್ವತಂತ್ರ ತಂತ್ರಾಂಶವನ್ನೇ ನೆಲೆಗೊಳಿಸಿತು. ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸ್ ಮೇಲೆಯೇ ಗಣಕಪಾಠ ಕಲಿಯುತ್ತಾರೆ. ಶಾಲೆಯ ಮಕ್ಕಳಿಗೆ ಸಾಧ್ಯವಾದದ್ದು ನಮ್ಮ ಮನೆಗಳಿಗೆ ಅಸಾಧ್ಯವೆನ್ನಲು ಕಾರಣವಿಲ್ಲ.

ಮೊದಲು ಕಾಪಾಡುವುದು, ಆಮೇಲೆ ಬದಲಿಸುವುದು

ಲಿನಕ್ಸ್ ಸ್ಥಾಪಿಸುವಾಗ ಆಗಬಹುದಾದ ಅತಿದೊಡ್ಡ ನಷ್ಟವು ಯಂತ್ರದ್ದಲ್ಲ, ಯಂತ್ರದೊಳಗಿನ ಬರಹದ್ದು. ಒಂದು ತಪ್ಪು ಆಯ್ಕೆಯಿಂದ ಇಡೀ ಡಿಸ್ಕ್ ಅಳಿಸಿಹೋಗುವುದುಂಟು. ಮದುವೆಯ ಚಿತ್ರಗಳು, ಹೊಲದ ದಾಖಲೆಗಳ ಪ್ರತಿಗಳು, ಹಿರಿಯರು ವರ್ಷಗಟ್ಟಲೆ ಕುಳಿತು ನುಡಿಯಲ್ಲಿ ಬೆರಳಚ್ಚು ಮಾಡಿದ ವಚನಗಳ ಟಿಪ್ಪಣಿಗಳು ಮತ್ತೆ ಸಿಗಲಾರವು. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಮನೆಮನೆಯಿಂದ ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚಿಗೆ ತಂದಿರದಿದ್ದರೆ ನಾವು ಏನನ್ನು ಕಳೆದುಕೊಳ್ಳುತ್ತಿದ್ದೆವೆಂಬುದನ್ನು ನೆನೆದವರಿಗೆ ಈ ಎಚ್ಚರಿಕೆಯ ಬೆಲೆ ತಿಳಿಯುತ್ತದೆ.

ಆದುದರಿಂದ ಎಲ್ಲ ಕಡತಗಳನ್ನೂ ಬೇರೊಂದು ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿ, ಆ ಪ್ರತಿಯನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿದ ಬಳಿಕವೇ ಮುಂದಡಿಯಿಡತಕ್ಕದ್ದು. ವಿಂಡೋಸಿನಲ್ಲಿ ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಡಬೇಕು. ಟ್ಯಾಲಿಯಲ್ಲಿ ಲೆಕ್ಕ ಇಡುವ ವ್ಯಾಪಾರಸ್ಥರು ಒಂದು ಮಾತನ್ನು ಗಮನಿಸಬೇಕು: ಟ್ಯಾಲಿಯನ್ನು ವಿಂಡೋಸಿಗಾಗಿಯೇ ಮಾಡಲಾಗಿದೆ. ಅಂಥವರು ವಿಂಡೋಸನ್ನು ಉಳಿಸಿಕೊಂಡು ಅದರ ಪಕ್ಕದಲ್ಲಿ ಲಿನಕ್ಸ್ ಇಟ್ಟುಕೊಳ್ಳುವುದು ಲೇಸು.

ಸ್ಥಾಪಿಸುವ ಮುನ್ನ ಪರೀಕ್ಷೆ

ಲಿನಕ್ಸಿನ ಒಂದು ದೊಡ್ಡ ಅನುಕೂಲವೆಂದರೆ, ಅದನ್ನು ಸ್ಥಾಪಿಸದೆಯೇ ಪೆನ್ ಡ್ರೈವಿನಿಂದ ನಡೆಸಿ ನೋಡಬಹುದು. 8 ಜಿಬಿಯ ಪೆನ್ ಡ್ರೈವ್ ಇದಕ್ಕೆ ಸಾಕು. ಅದರಲ್ಲಿದ್ದದ್ದೆಲ್ಲ ಅಳಿಸುವುದರಿಂದ ಖಾಲಿಯಾದುದನ್ನೇ ಬಳಸಬೇಕು. ಹೊಸಬರಿಗೆ ಲಿನಕ್ಸ್ ಮಿಂಟ್ ಎಂಬ ಆವೃತ್ತಿಯು ಸುಲಭ. ಅದರಲ್ಲಿಯೂ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಬಗೆಯು ಹಳೆಯ ಯಂತ್ರಗಳಿಗೆ ಹೊಂದುತ್ತದೆ. ಮಿಂಟ್ ಕೇಳುವ ಕನಿಷ್ಠ ಸ್ಮೃತಿ 2 ಜಿಬಿ. 4 ಜಿಬಿ ಇದ್ದರೆ ಕೆಲಸ ಸಲೀಸು. ಆದರೆ 32 ಬಿಟ್‌ನ ತೀರಾ ಹಳೆಯ ಪ್ರೊಸೆಸರುಗಳಲ್ಲಿ ಈಗಿನ ಮುಖ್ಯ ಆವೃತ್ತಿಗಳು ನಡೆಯುವುದಿಲ್ಲ.

ಯಂತ್ರವನ್ನು ಹಚ್ಚಿದೊಡನೆ ಎಫ್12 ಅಥವಾ ಎಫ್9 ಕೀಲಿಯನ್ನು ಒತ್ತಿದರೆ ಎಲ್ಲಿಂದ ಆರಂಭವಾಗಬೇಕೆಂಬ ಪಟ್ಟಿ ಬರುತ್ತದೆ. ಕೀಲಿಯು ತಯಾರಕರನ್ನು ಅವಲಂಬಿಸಿರುತ್ತದೆ. ಪೆನ್ ಡ್ರೈವಿನಿಂದ ತೆರೆದ ಮೇಲೆ ವೈ-ಫೈ, ಧ್ವನಿ, ಕ್ಯಾಮೆರಾ, ಮುದ್ರಣಯಂತ್ರ ಇವೆಲ್ಲವನ್ನೂ ಅಲ್ಲಿಯೇ ಪರೀಕ್ಷಿಸಬೇಕು. ಈ ಪರೀಕ್ಷೆಯಿಂದ ಡಿಸ್ಕಿಗೆ ಯಾವ ಹಾನಿಯೂ ಇಲ್ಲ.

ಇಲ್ಲಿಯೇ ಎರಡು ತೊಡಕುಗಳು ತಲೆದೋರುವುದುಂಟು. ಒಂದು, ಪರದೆ ಕಪ್ಪಾಗಿ ನಿಲ್ಲುವುದು. ಗ್ರಾಫಿಕ್ಸ್ ಕಾರ್ಡಿಗೂ ಲಿನಕ್ಸಿಗೂ ಹೊಂದಿಕೆಯಾಗದಿರುವುದು ಇದಕ್ಕೆ ಸಾಮಾನ್ಯ ಕಾರಣ. ಮೊದಲ ಪಟ್ಟಿಯಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಎಂಬುದನ್ನು ಆರಿಸಿದರೆ ಸರಳ ಚಿತ್ರದೊಡನೆ ತೆರೆಯುತ್ತದೆ. ಸ್ಥಾಪನೆಯ ನಂತರ ಡ್ರೈವರ್ ಮ್ಯಾನೇಜರ್ ಮೂಲಕ ಸರಿಯಾದ ಚಾಲಕವನ್ನು ಹಾಕಿಕೊಳ್ಳಬಹುದು. ಇನ್ನೊಂದು, ಸ್ಥಾಪಿಸಹೋದರೆ ಡಿಸ್ಕೇ ಕಾಣದಿರುವುದು. ಬಯಾಸ್‌ನಲ್ಲಿ ಡಿಸ್ಕಿನ ಬಗೆಯು ರೇಡ್ ಎಂದಿದ್ದರೆ ಹೀಗಾಗುತ್ತದೆ. ಅದನ್ನು ಎಎಚ್‌ಸಿಐ ಎಂದು ಬದಲಿಸಿದರೆ ಕಾಣತೊಡಗುತ್ತದೆ. ಆದರೆ ಹಾಗೆ ಬದಲಿಸಿದಾಗ ಹಳೆಯ ವಿಂಡೋಸ್ ಆರಂಭವಾಗದೆ ನಿಲ್ಲಬಹುದು. ಎರಡನ್ನೂ ಉಳಿಸಿಕೊಳ್ಳುವವರು ತಿಳಿದವರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ವೈ-ಫೈ ಇಲ್ಲದಾಗ

ಹೊಸಬರನ್ನು ಬಹಳವಾಗಿ ಕಾಡುವ ತೊಡಕು ಇದೇ. ವೈ-ಫೈ ನಡೆಯಲು ಅದರ ಚಾಲಕ ಬೇಕು. ಚಾಲಕವನ್ನು ತರಲು ಅಂತರ್ಜಾಲ ಬೇಕು. ಬೀಗದ ಕೈ ಪೆಟ್ಟಿಗೆಯ ಒಳಗೇ ಉಳಿದಂತೆ! ಬ್ರಾಡ್‌ಕಾಂ ಹಾಗೂ ರಿಯಲ್‌ಟೆಕ್ ಬಿಲ್ಲೆಗಳುಳ್ಳ ಕೆಲವು ಯಂತ್ರಗಳಲ್ಲಿ ಇದು ಕಂಡುಬರುತ್ತದೆ. ಇದಕ್ಕೆ ಮನೆಯಲ್ಲಿಯೇ ಮದ್ದಿದೆ. ಆಂಡ್ರಾಯ್ಡ್ ಮೊಬೈಲನ್ನು ಚಾರ್ಜಿಂಗ್ ವೈರಿನಿಂದ ಯಂತ್ರಕ್ಕೆ ಜೋಡಿಸಿ, ಮೊಬೈಲಿನ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಎಂಬುದನ್ನು ಚಾಲೂ ಮಾಡಬೇಕು. ಲಿನಕ್ಸ್ ಸಾಮಾನ್ಯವಾಗಿ ಅದನ್ನು ಕೂಡಲೇ ಗುರುತಿಸುತ್ತದೆ. ಬಳಿಕ ಡ್ರೈವರ್ ಮ್ಯಾನೇಜರ್ ತೆರೆದು, ಅದು ಸೂಚಿಸಿದ ಚಾಲಕವನ್ನು ಒಪ್ಪಿ, ಯಂತ್ರವನ್ನು ಮರಳಿ ಹಚ್ಚಿದರೆ ಆಯಿತು.

ಅದು ಏನನ್ನೂ ಸೂಚಿಸದಿದ್ದರೆ ಯಂತ್ರವನ್ನೇ ಕೇಳಬೇಕು. ಟರ್ಮಿನಲ್ ಎಂಬ ಕಿಟಕಿಯಲ್ಲಿ ಎಲ್, ಎಸ್, ಪಿ, ಸಿ, ಐ ಎಂಬ ಐದು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಬರೆದು ಎಂಟರ್ ಒತ್ತಿದರೆ ಒಳಗಿನ ಬಿಲ್ಲೆಗಳ ಹೆಸರುಗಳು ಸಾಲುಸಾಲಾಗಿ ಬರುತ್ತವೆ. ನೆಟ್‌ವರ್ಕ್ ಎಂಬ ಪದವುಳ್ಳ ಸಾಲನ್ನು ಹಾಗೆಯೇ ಬರೆದುಕೊಂಡು ತಿಳಿದವರಿಗೆ ತೋರಿಸಿದರೆ ಅರ್ಧ ದಾರಿ ಸವೆದಂತೆ.

ಗಡಿಯಾರದ ತಪ್ಪು

ಕೆಲವೊಮ್ಮೆ ಎಲ್ಲವೂ ಸರಿಯಿದ್ದು, ಯಾವ ಜಾಲತಾಣವೂ ಭದ್ರವಲ್ಲವೆಂಬ ಎಚ್ಚರಿಕೆ ಬರುತ್ತದೆ. ಆಗ ಮೊದಲು ತಾರೀಖನ್ನು ನೋಡಬೇಕು. ಹಳೆಯ ಯಂತ್ರದ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ಬತ್ತಿಹೋದರೆ, ವಿದ್ಯುತ್ ಹೋದಾಗಲೆಲ್ಲ ತಾರೀಖು ಹಲವು ವರ್ಷ ಹಿಂದಕ್ಕೆ ಓಡುತ್ತದೆ. ಸಿಆರ್ 2032 ಎಂಬ 3 ವೋಲ್ಟಿನ ಆ ಸೆಲ್ ಅಗ್ಗದ ವಸ್ತು. ಅದನ್ನು ಬದಲಿಸಿದರೆ ರೋಗ ವಾಸಿ.

ವಿಂಡೋಸ್ ಹಾಗೂ ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಇನ್ನೊಂದು ವಿಚಿತ್ರ ಕಾಣುತ್ತದೆ. ಲಿನಕ್ಸ್ ಬಳಸಿ ವಿಂಡೋಸಿಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದಿರುತ್ತದೆ. ಇದು ಕೆಟ್ಟ ಯಂತ್ರದ ಲಕ್ಷಣವಲ್ಲ. ಒಳಗಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಕಾಲವನ್ನು ಬರೆಯುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಕಾಲವೆಂದು ಓದುತ್ತದೆ. ನಮ್ಮ ದೇಶದ ಕಾಲವು ಜಾಗತಿಕ ಕಾಲಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ ಈ ಅಂತರ. ಸ್ಥಳೀಯ ಕಾಲವನ್ನೇ ಬರೆಯುವಂತೆ ಲಿನಕ್ಸಿಗೆ ಒಮ್ಮೆ ಆಜ್ಞೆ ಕೊಟ್ಟರೆ ಸರಿಹೋಗುತ್ತದೆ.

ಬಿಸಿಲು, ದೂಳು, ವಿದ್ಯುತ್ತು

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ, ಯಂತ್ರ ತಾನಾಗಿ ಆರಿಹೋದರೆ ಲಿನಕ್ಸನ್ನು ದೂರುವ ಮುನ್ನ ಒಳಗಿನ ಫ್ಯಾನನ್ನು ನೋಡಬೇಕು. ಕಪ್ಪುಮಣ್ಣಿನ ದೂಳು ಅದರ ರೆಕ್ಕೆಗಳಲ್ಲಿ ಕುಳಿತು ಗಾಳಿಯ ದಾರಿಯನ್ನು ಮುಚ್ಚಿರುತ್ತದೆ. ವಿದ್ಯುತ್ ತಂತಿಯನ್ನು ಕಳಚಿ, ಮೆತ್ತನೆಯ ಬ್ರಷ್‌ನಿಂದ ಶುಚಿಗೊಳಿಸಬೇಕು.

ಹೊಸ ಆವೃತ್ತಿ ಇಳಿಯುತ್ತಿರುವಾಗ ಕರೆಂಟು ಹೋದರೆ ಮರುದಿನ ಯಂತ್ರ ಪೂರ್ತಿ ತೆರೆಯದಿರಬಹುದು. ಅಷ್ಟಕ್ಕೇ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕಿಲ್ಲ. ಹಚ್ಚಿದೊಡನೆ ಶಿಫ್ಟ್ ಕೀಲಿಯನ್ನು ಹಿಡಿದರೆ, ಕೆಲವು ಯಂತ್ರಗಳಲ್ಲಿ ಎಸ್ಕೇಪ್ ಒತ್ತಿದರೆ, ಅಡ್ವಾನ್ಸ್ಡ್ ಆಪ್ಷನ್ಸ್ ಎಂಬ ಸಾಲು ಕಾಣುತ್ತದೆ. ಅದರೊಳಗೆ ಹಿಂದಿನ ಕರ್ನಲ್ಲಿನಿಂದ ಆರಂಭಿಸುವ ದಾರಿಯೂ, ರಿಕವರಿ ಮೋಡ್ ಎಂಬ ದುರಸ್ತಿಯ ದಾರಿಯೂ ಇವೆ. ಮಿಂಟ್‌ನಲ್ಲಿರುವ ಟೈಮ್‌ಶಿಫ್ಟ್ ಎಂಬ ಸಾಧನವನ್ನು ಮೊದಲ ದಿನವೇ ಸಜ್ಜುಗೊಳಿಸಿದ್ದರೆ ವ್ಯವಸ್ಥೆಯನ್ನು ಹಿಂದಿನ ಸುಸ್ಥಿತಿಗೆ ಮರಳಿಸಬಹುದು. ನೆನಪಿರಲಿ, ಅದು ವ್ಯವಸ್ಥೆಯನ್ನು ಕಾಯುತ್ತದೆಯೇ ಹೊರತು ತಾನಾಗಿ ನಮ್ಮ ಕಡತಗಳನ್ನು ಕಾಯುವುದಿಲ್ಲ.

ಮುದ್ರಣ ಮತ್ತು ಕನ್ನಡ

ಈಚಿನ ಮುದ್ರಣಯಂತ್ರಗಳಲ್ಲಿ ಹಲವು ಜೋಡಿಸಿದೊಡನೆ ನಡೆಯುತ್ತವೆ. ಎಚ್‌ಪಿ ಲೇಸರ್‌ಜೆಟ್ 1020ರಂಥ ಹಳೆಯವುಗಳಿಗೆ ಎಚ್‌ಪಿಲಿಪ್ ತಂತ್ರಾಂಶದೊಡನೆ ಪ್ಲಗಿನ್ ಒಂದನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು. ಹಳೆಯ ಮುದ್ರಣಯಂತ್ರ ಉಳ್ಳವರು ಅದರ ಮಾದರಿಯ ಸಂಖ್ಯೆಯನ್ನು ಹಿಡಿದು ಮೊದಲೇ ವಿಚಾರಿಸುವುದು ಕ್ಷೇಮ.

ಕನ್ನಡ ಬರೆಯಲು ಐಬಸ್ ಎಂಬ ಸಾಧನವನ್ನೂ ಅದರ ಎಂ17ಎನ್ ಭಾಗವನ್ನೂ ಹಾಕಿಕೊಂಡು ಕೆಜಿಪಿ ವಿನ್ಯಾಸವನ್ನು ಆರಿಸಿದರೆ, ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದ ನುಡಿಯ ಕೀಲಿಮಣೆಯೇ ದೊರೆಯುತ್ತದೆ. ಬೆರಳುಗಳು ಹೊಸ ಪಾಠ ಕಲಿಯಬೇಕಿಲ್ಲ. ಗುಬ್ಬಿ, ನವಿಲು, ಲೋಹಿತ್ ಮೊದಲಾದ ಕನ್ನಡ ಅಕ್ಷರಶೈಲಿಗಳು ಉಚಿತವಾಗಿ ಲಭ್ಯ.

ಹಿಂದೆ ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬರೆದ ಕಡತಗಳು ಮಾತ್ರ ಲಿನಕ್ಸಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ತೋರುತ್ತವೆ. ಗಾಬರಿಯಾಗಬೇಕಿಲ್ಲ, ಬರಹ ಹಾಳಾಗಿಲ್ಲ. ಆ ಅಕ್ಷರಶೈಲಿಯ ಕಡತವನ್ನು ಇಲ್ಲಿಯೂ ಸ್ಥಾಪಿಸಿದರೆ ಕನ್ನಡ ಮತ್ತೆ ಮೂಡುತ್ತದೆ. ಆದರೂ ಶಾಶ್ವತ ಪರಿಹಾರವೆಂದರೆ ಪರಿವರ್ತಕದ ನೆರವಿನಿಂದ ಯೂನಿಕೋಡಿಗೆ ತಂದು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದುವುದು. ಯೂನಿಕೋಡಿನಲ್ಲಿದ್ದರೆ ಮಾತ್ರ ಒಂದು ಪದವನ್ನು ಸಾವಿರ ಪುಟಗಳಲ್ಲಿ ಹುಡುಕಲು ಸಾಧ್ಯ. 20 ಸಾವಿರಕ್ಕೂ ಮಿಕ್ಕಿದ ವಚನಗಳನ್ನು ಪದಪದವಾಗಿ ಹುಡುಕಲು ಅನುವು ಮಾಡಿಕೊಟ್ಟ ವಚನ ಸಂಚಯವು ಇದಕ್ಕೆ ಉತ್ತಮ ನಿದರ್ಶನ. ಆ ಕೆಲಸದಲ್ಲಿ ತೊಡಗಿದ ಓಂಶಿವಪ್ರಕಾಶ್ ಅವರೇ ಲಿನಕ್ಸಾಯಣ ಎಂಬ ಹೆಸರಿನಲ್ಲಿ ಲಿನಕ್ಸ್ ವಿಷಯವನ್ನು ಕನ್ನಡದಲ್ಲಿ ಬರೆದುಕೊಂಡು ಬಂದವರು.

ಕೇಳುವ ಕ್ರಮ, ಹಂಚುವ ಕ್ರಮ

ಆಳಂದ, ಜೇವರ್ಗಿಗಳಿಂದ ಕಲಬುರಗಿಗೆ ಸುಮಾರು 40 ಕಿ.ಮೀ., ಅಫಜಲಪುರದಿಂದ ಇನ್ನೂ ಹೆಚ್ಚು. ಸಣ್ಣ ದೋಷಕ್ಕೂ ಯಂತ್ರವನ್ನು ಬಸ್ಸಿನಲ್ಲಿ ಹೊತ್ತೊಯ್ದು, ಅಂಗಡಿಯವರು ಎಲ್ಲವನ್ನೂ ಅಳಿಸಿಕೊಟ್ಟ ಮೇಲೆ ಮರುಗುವುದಕ್ಕಿಂತ ಮನೆಯಲ್ಲಿಯೇ ನಾಲ್ಕು ನಿಯಮಗಳನ್ನು ಪಾಲಿಸುವುದು ಮೇಲು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಇಲ್ಲವಾದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಯಂತ್ರ ತೋರಿಸಿದ ದೋಷದ ಮಾತನ್ನು ಅಕ್ಷರ ಬಿಡದೆ ಬರೆದುಕೊಳ್ಳಬೇಕು. ಕೇಳುವಾಗ ಯಂತ್ರದ ಮಾದರಿ, ಲಿನಕ್ಸಿನ ಆವೃತ್ತಿ, ಈವರೆಗೆ ಮಾಡಿ ನೋಡಿದ್ದು ಇವನ್ನು ತಿಳಿಸಬೇಕು. ಅರ್ಥವಾಗದ ಆಜ್ಞೆಯನ್ನು, ಅದರಲ್ಲಿಯೂ ಗುಪ್ತಪದ ಕೇಳುವ ಆಜ್ಞೆಯನ್ನು, ಯಾರೋ ಹೇಳಿದರೆಂದು ಒತ್ತಬಾರದು.

ಮನೆಯಲ್ಲಿ ಒಂದು ನೋಟುಪುಸ್ತಕವಿಟ್ಟು ತೊಡಕು, ಕಾರಣ, ಪರಿಹಾರಗಳನ್ನು ತಾರೀಖಿನೊಡನೆ ಬರೆಯುತ್ತ ಹೋದರೆ ಅದೇ ಓಣಿಯ ಗುರುವಾಗುತ್ತದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಊರೂರಿನಲ್ಲಿ ಕಾಲೇಜು ಕಲಿಯುವ ಮಕ್ಕಳಿದ್ದಾರೆ. ರಜೆಯಲ್ಲಿ ಅವರು ಮಠದ ಅಂಗಳದಲ್ಲಿ ಒಂದು ದಿನ ಕುಳಿತು ನೆರೆಯವರ ಯಂತ್ರಗಳನ್ನು ನೋಡಿಕೊಟ್ಟರೆ ಅದೂ ಒಂದು ಕಾಯಕ. ಕಲಿತದ್ದನ್ನು ಕಲಿಸಿದರೆ ಅದೇ ಜ್ಞಾನದಾಸೋಹ.

ಆಳಂದ ಸೀಮೆಯ ಅಮರ್ಜಾ ಹೊಳೆಯು ಅಫಜಲಪುರ ಸೀಮೆಯ ಗಾಣಗಾಪುರದಲ್ಲಿ ಭೀಮೆಯನ್ನು ಕೂಡಿ ಮುಂದೆ ಸಾಗುವಂತೆ, ಒಂದೊಂದು ಮನೆಯ ಸಣ್ಣ ಅನುಭವವೂ ಕೂಡಿದರೆ ದೊಡ್ಡ ತಿಳಿವಳಿಕೆಯಾದೀತು. ಮೂಲೆಯಲ್ಲಿ ದೂಳು ತಿನ್ನುತ್ತಿರುವ ಯಂತ್ರವೊಂದು ಓದುವ ಮಗುವಿನ ಮುಂದೆ ಮತ್ತೆ ಬೆಳಗಲಿ, ಹಿರಿಯರ ಬರಹವೊಂದೂ ಅಳಿಯದಿರಲಿ ಎಂದು ಹಾರೈಸುತ್ತೇವೆ.