ಕೇಳುವದೂ ಒಂದು ಸೇವೆ

ಮರಣ ಸಂಭವಿಸಿದ ಮನೆಗೆ ಹೋದಾಗ ನಮ್ಮ ಬಾಯಿಗೆ ಮಾತುಗಳು ಎಷ್ಟು ಸುಲಭವಾಗಿ ಬರುತ್ತವೆಂಬದನ್ನು ನೀವು ಗಮನಿಸಿದ್ದೀರೋ? ಕೆಲವು ವರುಷಗಳ ಕೆಳಗೆ ನಮ್ಮ ನೆರೆಯ ಒಬ್ಬ ತಾಯಿಯು ಪ್ರಾಯಕ್ಕೆ ಬರುತ್ತಿದ್ದ ಮಗನನ್ನು ಜ್ವರದಿಂದ ಕಳೆದುಕೊಂಡಳು. ಮೂರನೆಯ ದಿನ ನಾವು ಸತ್ಯವೇದವನ್ನು ಕೈಯಲ್ಲಿ ಹಿಡಿದು ಆಕೆಯನ್ನು ಸಂತೈಸಲು ಹೋದೆವು. ನಾವು ಕೂತೊಡನೆ ಆಕೆಯು “ಆ ರಾತ್ರಿ ಅವನು” ಎಂದು ಏನೋ ಹೇಳತೊಡಗಿದಳು. ದುಃಖವು ಉಕ್ಕಿ ಬಂದೀತೆಂದು ನಾವು ಭಯಪಟ್ಟು ಪುನರುತ್ಥಾನದ ನಿರೀಕ್ಷೆಯ ವಿಷಯವಾಗಿ ಮಾತೆತ್ತಿದೆವು. ಸ್ವಲ್ಪ ಹೊತ್ತಿನ ಮೇಲೆ ಆಕೆಯು ಪುನಃ “ಆ ರಾತ್ರಿ” ಎಂದಳು. ನಾವು ಯೋಬನ ತಾಳ್ಮೆಯನ್ನು ವರ್ಣಿಸಿದೆವು. ಮೂರನೆಯ ಸಾರಿ ಆಕೆಯು ಬಾಯಿ ತೆರೆಯುವಷ್ಟರಲ್ಲಿ, ಪ್ರಾರ್ಥನೆ ಮಾಡೋಣವೆಂದು ತಲೆಬಾಗಿದೆವು. ಹಿಂದಿರುಗುವಾಗ, ನಮ್ಮ ಕರ್ತವ್ಯವನ್ನು ಚೆನ್ನಾಗಿ ನೆರವೇರಿಸಿದೆವೆಂಬ ತೃಪ್ತಿಯೂ ನಮ್ಮಲ್ಲಿತ್ತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಯೋಬನ ತಾಳ್ಮೆಯನ್ನು ಕುರಿತು ಮಾತಾಡಿದ ನಾವು ಯೋಬನ ಮಿತ್ರರನ್ನು ಮರೆತಿದ್ದೆವು. ಎಲೀಫಜ, ಬಿಲ್ದದ, ಚೋಫರ ಎಂಬ ಆ ಮೂವರು ದೂರದಿಂದ ಬಂದು, ಗುರುತು ಸಿಗದಷ್ಟು ಕೆಟ್ಟುಹೋದ ಸ್ನೇಹಿತನ ರೂಪವನ್ನು ಕಂಡು ಅತ್ತು, ಏಳು ದಿನ ಏಳು ರಾತ್ರಿ ಅವನ ಸಂಗಡ ನೆಲದ ಮೇಲೆ ಮಾತಿಲ್ಲದೆ ಕೂತರು. ಅಲ್ಲಿಯ ವರೆಗೆ ಅವರಂಥ ಸ್ನೇಹಿತರಿಲ್ಲ. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆಯೇ. ಅವರ ಮಾತುಗಳಲ್ಲಿ ದೈವಭಕ್ತಿಗೇನೂ ಕೊರತೆಯಿಲ್ಲ. ಬಿಡಿಬಿಡಿಯಾಗಿ ತೆಗೆದರೆ ಹಲವು, ಚೌಕಟ್ಟು ಹಾಕಿಸಿ ಗೋಡೆಗೆ ತೂಗಹಾಕುವದಕ್ಕೂ ಯೋಗ್ಯವಾಗಿವೆ. ಆದಾಗ್ಯೂ ಕಡೆಯಲ್ಲಿ ದೇವರ ಕೋಪವು ಉರಿದದ್ದು ದೇವರೊಡನೆ ವ್ಯಾಜ್ಯವಾಡಿದ ಯೋಬನ ಮೇಲಲ್ಲ, ದೇವರ ಪಕ್ಷ ಹಿಡಿದು ವಾದಿಸಿದ ಇವರ ಮೇಲೆ.

ನಮ್ಮ ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಮಾತಿಗೆ ಮೂರು ಅರ್ಥಗಳುಂಟು. ಧ್ವನಿಯನ್ನು ಕೇಳುತ್ತೇವೆ, ತಿಳಿಯದ್ದನ್ನು ಬಲ್ಲವರ ಹತ್ತಿರ ಕೇಳುತ್ತೇವೆ, ಮಗನು ತಂದೆಯ ಮಾತನ್ನು ಕೇಳುತ್ತಾನೆ, ಅಂದರೆ ಅದರಂತೆ ನಡೆಯುತ್ತಾನೆ. ಇಬ್ರಿಯ ಭಾಷೆಯಲ್ಲಿಯೂ ಆಲಿಸುವದಕ್ಕೂ ವಿಧೇಯರಾಗುವದಕ್ಕೂ ಒಂದೇ ಕ್ರಿಯಾಪದವು ಸಲ್ಲುತ್ತದೆ. ಬಾಲಕನಾದ ಸಮುವೇಲನು ರಾತ್ರಿಯಲ್ಲಿ ತನ್ನನ್ನು ಕರೆದ ಸ್ವರವು ಯಾರದೆಂದರಿಯದೆ ಮೂರು ಸಾರಿ ಮುದುಕನಾದ ಏಲಿಯ ಬಳಿಗೆ ಓಡಿದ ಸಂಗತಿಯನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಆದರೆ ಮರುದಿನದ ಬೆಳಗನ್ನು ನಾವು ಅಷ್ಟಾಗಿ ನೆನಸುವದಿಲ್ಲ. ಆ ರಾತ್ರಿ ಹುಡುಗನು ಕೇಳಿದ್ದು ಏಲಿಯ ಮನೆತನಕ್ಕೇ ಬರಲಿದ್ದ ದಂಡನೆಯನ್ನು. ಹೇಳಲು ಅಂಜಿದ ಅವನನ್ನು ಏಲಿಯು ತಾನಾಗಿ ಕರೆದು, ಒಂದನ್ನೂ ಮರೆಮಾಡಬೇಡವೆಂದು ಒತ್ತಾಯಪಡಿಸಿ, ಎಲ್ಲವನ್ನೂ ಕಡೆಯ ವರೆಗೆ ಆಲಿಸಿದನು. ಮಕ್ಕಳನ್ನು ತಿದ್ದದೆ ಹೋದ ತಂದೆಯೆಂದು ಏಲಿಗೆ ಕೆಟ್ಟ ಹೆಸರು ಉಂಟು, ಅದು ನ್ಯಾಯವೂ ಹೌದು. ಆದರೂ ಆ ಒಂದು ಬೆಳಗಿನ ನಿಮಿತ್ತ ನಾವು ಆ ಕುರುಡು ಮುದುಕನನ್ನು ಗೌರವಿಸುತ್ತೇವೆ.

ಈ ಕೇಳುವಿಕೆಯನ್ನು ನಿತ್ಯದ ಅಭ್ಯಾಸವಾಗಿ ಕಲಿಸಿದ ಒಂದು ಶಾಲೆಯು ನಮ್ಮ ಕಾಲಕ್ಕೆ ಬಹುದೂರವಲ್ಲದ ದಿನಗಳಲ್ಲಿ ಜರ್ಮನಿಯಲ್ಲಿ ಇತ್ತು. ಹಿಟ್ಲರನ ಸರಕಾರದ ಇಚ್ಛೆಗೆ ಸಭೆಯನ್ನು ಒಪ್ಪಿಸಲಾರೆವೆಂದ ಕ್ರೈಸ್ತರು 1935ರಲ್ಲಿ ತಮ್ಮ ಸಭಾಪಾಲಕರನ್ನು ತಾವೇ ಸಿದ್ಧಪಡಿಸಲಾರಂಭಿಸಿದಾಗ, ಒಂದು ಶಾಲೆಯ ಭಾರವು ಡೀಟ್ರಿಖ್ ಬೋನ್‌ಹೋಫರ್ ಎಂಬವರ ಮೇಲೆ ಬಿತ್ತು. ಆಗ ಅವರಿಗೆ ಇಪ್ಪತ್ತೊಂಬತ್ತು ವರುಷ. ಆ ಶಾಲೆಯು ಮೊದಲು ಬಾಲ್ಟಿಕ್ ಸಮುದ್ರತೀರದ ತ್ಸಿಂಗ್‌ಸ್ಟ್ ಎಂಬಲ್ಲಿಯೂ, ಕೆಲವು ವಾರಗಳ ಮೇಲೆ ಸ್ಟೆಟಿನ್ ನಗರದ ಬಳಿಯ ಫಿಂಕೆನ್‌ವಾಲ್ಡೆಯಲ್ಲಿಯೂ ನಡೆಯಿತು. ಆ ಊರು ಈಗ ಪೋಲಂಡ್ ದೇಶಕ್ಕೆ ಸೇರಿದೆ.

ಅಲ್ಲಿ ಪ್ರತಿದಿನ ಬೆಳಗಿನ ಉಪಾಹಾರದ ಮೇಲೆ ಅರ್ಧ ಗಂಟೆ ಯಾರೂ ಮಾತಾಡಬಾರದು. ಒಂದು ಚಿಕ್ಕ ವೇದಭಾಗವನ್ನು ಮುಂದಿಟ್ಟುಕೊಂಡು, ವ್ಯಾಖ್ಯಾನಗ್ರಂಥವನ್ನು ಮುಟ್ಟದೆ, ಪ್ರಸಂಗಕ್ಕೆ ಏನು ಸಿಕ್ಕೀತೆಂದು ಹುಡುಕದೆ, ಅದು ತನಗೆ ಏನು ಹೇಳುತ್ತದೆಂದು ಆಲಿಸಬೇಕು. ಮರುದಿನವೂ ಅದೇ ಭಾಗ. ಒಂದು ವಾರ ಪೂರ್ತಿ ಅದೇ. ವಿಶ್ವವಿದ್ಯಾಲಯಗಳಲ್ಲಿ ಪಾಂಡಿತ್ಯ ಪಡೆದು ಬಂದ ಯುವಕರಿಗೆ ಇದು ದೊಡ್ಡ ಸಂಕಟವಾಯಿತು. ಆ ಅರ್ಧ ಗಂಟೆಯಲ್ಲಿ ಏನು ಮಾಡಬೇಕೆಂದೇ ಅವರಿಗೆ ತಿಳಿಯಲಿಲ್ಲ. ಮನಸ್ಸು ಎಲ್ಲೆಲ್ಲಿಗೋ ಓಡುವದೆಂದು ದೂರಿದರು. ಹೊರಗಿನವರೂ ಗೊಣಗಿದರು. ಪ್ರಸಿದ್ಧ ವೇದಪಂಡಿತರಾದ ಕಾರ್ಲ್ ಬಾರ್ತ್ ಅವರೇ, ಇದರಲ್ಲಿ ಮಠದ ವಾಸನೆ ಬಡಿಯುತ್ತದೆಂಬ ಭಾವದಿಂದ 1936ರಲ್ಲಿ ಬೋನ್‌ಹೋಫರರಿಗೆ ಪತ್ರ ಬರೆದರು. ಅರ್ಧ ಗಂಟೆಯು ಮಾತ್ರ ನಿಲ್ಲಲಿಲ್ಲ.

ಅಲ್ಲಿ ಇನ್ನೊಂದು ನಿಯಮವಿತ್ತು. ಎದುರಿಗಿಲ್ಲದ ಸಹೋದರನ ವಿಷಯ ಮಾತಾಡಬಾರದು. ಮಾತಾಡಿದರೆ ಅದನ್ನು ಅವನಿಗೆ ಹೋಗಿ ತಿಳಿಸಬೇಕು. ಅದನ್ನು ಮೀರಿ, ಪುನಃ ಕೈಕೊಳ್ಳಬೇಕೆಂದು ನಿಶ್ಚಯಿಸಿ ಕಲಿತದ್ದು, ಕೇಳಿದ ಪ್ರಸಂಗಗಳಿಂದ ಕಲಿತದ್ದಕ್ಕೆ ಹೆಚ್ಚು ಕಡಿಮೆ ಸಮವಾಗಿತ್ತೆಂದು ಆ ಶಾಲೆಯ ವಿದ್ಯಾರ್ಥಿಯೂ ಬೋನ್‌ಹೋಫರರ ಆಪ್ತಮಿತ್ರರೂ ಆದ ಎಬರ್ಹಾರ್ಡ್ ಬೆತ್ಗೆಯವರು ಬರೆದಿದ್ದಾರೆ. ಈ ನಿಯಮವನ್ನು ನಮ್ಮ ಸಭೆಗಳಲ್ಲಿ ಒಂದು ತಿಂಗಳ ಮಟ್ಟಿಗೆ ಜಾರಿಗೆ ತಂದರೆ, ಭಾನುವಾರದ ಆರಾಧನೆಯ ಮೇಲೆ ದೇವಾಲಯದ ಅಂಗಳವು ಎಷ್ಟು ಬೇಗನೆ ಬರಿದಾದೀತು!

1937ರ ಸೆಪ್ಟೆಂಬರಿನಲ್ಲಿ ಗುಪ್ತ ಪೊಲೀಸರು ಶಾಲೆಯನ್ನು ಮುಚ್ಚಿಸಿದರು. ಮರುವರುಷ ಬೋನ್‌ಹೋಫರರ ಅವಳಿ ಸಹೋದರಿಯು, ತನ್ನ ಗಂಡನು ಯೆಹೂದ್ಯ ವಂಶದವನಾದ ಕಾರಣ, ಮಕ್ಕಳೊಂದಿಗೆ ದೇಶ ಬಿಟ್ಟು ಹೋಗಬೇಕಾಯಿತು. ಗಟ್ಟಿಂಗೆನ್ ನಗರದಲ್ಲಿ ಹೀಗೆ ಬರಿದಾದ ಆ ಮನೆಯಲ್ಲಿಯೇ ಅವರು ಕೂತು, ಸುಮಾರು ನಾಲ್ಕು ವಾರಗಳಲ್ಲಿ, ಶಾಲೆಯ ಅನುಭವವನ್ನು ಒಂದು ಚಿಕ್ಕ ಪುಸ್ತಕವಾಗಿ ಬರೆದರು. ಅದು 1939ರಲ್ಲಿ ಪ್ರಕಟವಾಯಿತು. ಕ್ರೈಸ್ತರು ಒಬ್ಬರಿಗೊಬ್ಬರು ಸಲ್ಲಿಸಬೇಕಾದ ಸೇವೆಗಳನ್ನು ಅವರು ಅದರಲ್ಲಿ ಹೇಳುವ ಕ್ರಮವು ವಿಚಾರಕ್ಕೆ ಯೋಗ್ಯವಾದದ್ದು. ನಾಲಿಗೆಯನ್ನು ಬಿಗಿಹಿಡಿಯುವದು ಮೊದಲಿನದು. ಕೇಳುವದು ಅದಕ್ಕೆ ಸಮೀಪವಾಗಿಯೇ ಬರುತ್ತದೆ. ವಾಕ್ಯವನ್ನು ಹೇಳುವದು ಬಹಳ ಹಿಂದೆ ಬರುತ್ತದೆ. ಸಹೋದರನಿಗೆ ಕಿವಿಗೊಡಲಾರದವನು ಬೇಗನೆ ದೇವರಿಗೂ ಕಿವಿಗೊಡಲಾರದವನಾಗುವನೆಂದೂ, ಎದುರಿನವನು ಏನು ಹೇಳುವನೆಂಬದು ತನಗೆ ಮೊದಲೇ ಗೊತ್ತೆಂದು ಅರ್ಧ ಕಿವಿಯಿಂದ ಕೇಳುವದು ತಿರಸ್ಕಾರವೆಂದೂ ಅವರ ಅಭಿಪ್ರಾಯ. ಇದನ್ನು ಓದುವಾಗ, ಲೆಕ್ಕದ ಪುಸ್ತಕದಿಂದ ತಲೆಯೆತ್ತದೆ ನಮ್ಮ ಮನೆಯವರಿಗೆ ನಾವು ಹೇಳಿದ ‘ಹೂಂ’ಗಳೆಲ್ಲಾ ನಮ್ಮ ನೆನಪಿಗೆ ಬಂದವು.

ಹಾಗಾದರೆ ಸುಮ್ಮನಿರುವದೆಲ್ಲವೂ ಸದ್ಗುಣವೋ? ಅಲ್ಲವೆಂಬದಕ್ಕೆ ಇದೇ ಬೋನ್‌ಹೋಫರರು ಸಾಕ್ಷಿ. ಅನ್ಯಾಯಕ್ಕೆ ಗುರಿಯಾದವರು ಕ್ರೈಸ್ತರಲ್ಲದಿದ್ದರೂ ಅವರ ಋಣವು ಸಭೆಯ ಮೇಲೆ ಉಂಟೆಂದು ಅವರು 1933ರಲ್ಲಿಯೇ ಬರೆದರು. ಮುಂದೆ ಹಿಟ್ಲರನ ವಿರುದ್ಧ ನಡೆದ ಗುಪ್ತ ಪ್ರಯತ್ನದಲ್ಲಿ ಸೇರಿ, 1943ರ ಏಪ್ರಿಲಿನಲ್ಲಿ ಸೆರೆಸಿಕ್ಕಿ, 1945ನೇ ಏಪ್ರಿಲ್ 9ರಂದು ಫ್ಲೊಸೆನ್‌ಬುರ್ಗ್ ಶಿಬಿರದಲ್ಲಿ ಗಲ್ಲಿಗೇರಿದರು. ಪರರ ನೋವನ್ನು ಕೇಳಿದ್ದರಿಂದಲೇ ಅವರು ಸುಮ್ಮನಿರಲಾರದೆ ಹೋದರೆಂದು ನಮಗೆ ತೋರುತ್ತದೆ. ಮನೆಯಲ್ಲಿ ಸೊಸೆಯನ್ನು ಹೀನೈಸುತ್ತಿರುವಾಗ ಸಮಾಧಾನದ ನೆವದಿಂದ ಬಾಯಿ ಮುಚ್ಚಿಕೊಂಡಿರುವ ಯಜಮಾನನು ಮೌನಿಯಲ್ಲ. ಅವನು ಆಕೆಯ ಅಳುವನ್ನು ಕೇಳದವನು.

ಆ ತಾಯಿಯ ಸಂಗತಿಗೆ ಬರೋಣ. ಆಕೆಯು ತನ್ನ ಮನಸ್ಸಿನಲ್ಲಿದ್ದದ್ದನ್ನು ಕಡೆಗೆ ಹೇಳಿಕೊಂಡದ್ದು ನಿತ್ಯವೂ ಹಾಲು ಹಾಕುವ ಮುದುಕಿಯ ಹತ್ತಿರವೆಂದು ಹಲವು ತಿಂಗಳ ಮೇಲೆ ನಮಗೆ ತಿಳಿಯಿತು. ಆ ಮುದುಕಿಗೆ ಓದು ಬಾರದು. ಹಾಲಿನ ಪಾತ್ರೆಯನ್ನು ಕೆಳಗಿಟ್ಟು, ಬಾಗಿಲಲ್ಲೇ ಕುಕ್ಕರಿಸಿ, ಬಿಸಿಲೇರುವ ತನಕ ಕೇಳಿದಳಂತೆ. ಒಂದು ಸಂಜೆ ನಾವು ಪುನಃ ಆ ಮನೆಗೆ ಹೋದೆವು. ಆಕೆಯು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. “ಅಮ್ಮಾ, ಅಂದು ನೀವು ಏನೋ ಹೇಳಬೇಕೆಂದಿದ್ದಿರಿ, ನಾವು ಬಿಡಲಿಲ್ಲ” ಎಂದೆವು.

ಬಹಳ ಹೊತ್ತಿನ ಮೇಲೆ ಆಕೆಯು ಹೇಳಿದಳು. ಆ ರಾತ್ರಿ ಮಗನು ಸ್ವಲ್ಪ ಗಂಜಿ ಬೇಕೆಂದು ಕೇಳಿದನು. ಆಕೆಯು ನಾಲ್ಕು ರಾತ್ರಿ ನಿದ್ದೆಗೆಟ್ಟಿದ್ದಳು, ಒಲೆ ಆರಿತ್ತು. ಬೆಳಗಾಗಲಿ ಮಗನೇ, ಅಂದಳು. ಬೆಳಗಾಗುವಷ್ಟರಲ್ಲಿ ಅವನಿಗೆ ಮಾತು ನಿಂತಿತ್ತು.

ನಮ್ಮ ನಾಲಿಗೆಯ ತುದಿಗೆ ಎರಡು ಮೂರು ಉತ್ತರಗಳು ಬಂದವು. ಒಂದನ್ನೂ ಆಡಲಿಲ್ಲ. ಆಕೆಯು ಕಲ್ಲುಗಳನ್ನು ಆರಿಸಿ ಹೊರಗೆ ಚೆಲ್ಲುತ್ತಲೇ ಇದ್ದಳು. ಕತ್ತಲಾಯಿತು. ಆಕೆಯು ಎದ್ದು ದೀಪ ಹಚ್ಚಿ, “ಸ್ವಲ್ಪ ಗಂಜಿ ಕುಡಿದು ಹೋಗುತ್ತೀರಾ?” ಎಂದು ಕೇಳಿದಳು. ಹೂಂ, ಕುಡಿಯುತ್ತೇವಮ್ಮಾ, ಎಂದೆವು.